ನಿಂತ ಶಕ್ತಿಮಾನ್ ನಡೆದ ಬಗೆ

ಸೇನೆಯು ತನ್ನ ಬಳಕೆ ತೀರಿತೆಂದು ಹೊರಹಾಕಿದ ವಾಹನವನ್ನು ಜನಸಾಮಾನ್ಯರು ಕೊಂಡು ತಮ್ಮ ಕೆಲಸಕ್ಕೆ ಹಚ್ಚಿಕೊಳ್ಳುವ ವಾಡಿಕೆ ನಮ್ಮಲ್ಲಿ ಹೊಸದಲ್ಲ. ಎರಡನೆಯ ಮಹಾಯುದ್ಧವು 1945ರಲ್ಲಿ ಮುಗಿದಾಗ ಈ ದೇಶದಲ್ಲಿಯೇ ಉಳಿದುಹೋದ ಫೋರ್ಡ್, ಷೆವ್ರೊಲೆ, ಡಾಡ್ಜ್ ಲಾರಿಗಳು ಹರಾಜಿನಲ್ಲಿ ಕೈಬದಲಾಗಿ, ‘ಡಿಸ್ಪೋಸಲ್ ಗಾಡಿ’ ಎಂಬ ಹೆಸರನ್ನು ಹೊತ್ತು, ಘಟ್ಟದ ಕಾಡುಗಳಿಂದ ನಾಟಾ ಇಳಿಸುತ್ತಲೂ ಪೇಟೆಗಳಲ್ಲಿ ಕೆಟ್ಟುನಿಂತ ವಾಹನಗಳನ್ನು ಎಳೆಯುತ್ತಲೂ ದಶಕಗಳವರೆಗೆ ದುಡಿದುವು. ನಾನು ಧಾರವಾಡದ ಕಡೆಯಿಂದ ಪುಣೆಗೆ ಉದ್ಯೋಗಾರ್ಥವಾಗಿ ಬಂದ ಕಾಲದಲ್ಲಿಯೂ ಅಂತಹ ಒಂದೆರಡು ಲಾರಿಗಳು, ಮೂತಿ ಮೊಂಡಾಗಿ, ಬೆನ್ನ ಮೇಲೆ ಕಬ್ಬಿಣದ ತೊಲೆಯನ್ನು ಹೊತ್ತು, ಗ್ಯಾರೇಜುಗಳ ಎದುರು ನಿಂತಿರುತ್ತಿದ್ದುವು. ಅವುಗಳ ಎದುರಿಗೆ ನಿಂತು ನೋಡುವ ಅಭ್ಯಾಸವೇ ಮುಂದೆ ನನ್ನನ್ನು ಒಂದು ಶಕ್ತಿಮಾನ್ ಲಾರಿಯ ಬಳಿಗೆ ಕರೆದೊಯ್ದಿತೆನ್ನಬೇಕು. ಆ ಲಾರಿಯನ್ನು ಪುನಃ ನಡೆಯುವಂತೆ ಮಾಡಿದ ಕಾಲದಲ್ಲಿ ನಾನು ಕಲಿತ ಸಂಗತಿಗಳನ್ನು, ಇಂತಹ ಕಾರ್ಯಕ್ಕೆ ಕೈಹಾಕುವವರಿಗೆ ಉಪಯೋಗವಾದೀತೆಂಬ ಭಾವನೆಯಿಂದ, ಇಲ್ಲಿ ಬರೆದಿಡುತ್ತಿದ್ದೇನೆ.

ಶಕ್ತಿಮಾನ್ ಎಂಬುದು ಸ್ವತಂತ್ರ ಭಾರತವು ತನ್ನ ಸೇನೆಗಾಗಿ ತನ್ನ ಕಾರ್ಖಾನೆಯಲ್ಲಿಯೇ ಕಟ್ಟಿದ ಮೊದಲ ತಲೆಮಾರಿನ ಲಾರಿ. ವಿ. ಕೆ. ಕೃಷ್ಣ ಮೆನನ್ನರು ರಕ್ಷಣಾ ಸಚಿವರಾಗಿದ್ದ ಅವಧಿಯಲ್ಲಿ ಜರ್ಮನಿಯ ಮಾನ್ ಕಂಪನಿಯೊಡನೆ ಒಪ್ಪಂದವಾಗಿ, 1959ರಲ್ಲಿ ಜಬಲ್ಪುರದ ಗನ್ ಕ್ಯಾರೇಜ್ ಫ್ಯಾಕ್ಟರಿಯಲ್ಲಿ ಇದರ ಜೋಡಣೆ ಆರಂಭವಾಯಿತು. 1969ರಲ್ಲಿ ಅದೇ ಊರಿನಲ್ಲಿ ಸ್ಥಾಪಿತವಾದ ವೆಹಿಕಲ್ ಫ್ಯಾಕ್ಟರಿಯು ಅನಂತರ ಈ ಕಾರ್ಯವನ್ನು ವಹಿಸಿಕೊಂಡು, 1990ರ ದಶಕದ ಮಧ್ಯದವರೆಗೂ ನಡೆಸಿತು. ಆಮೇಲೆ ಅಶೋಕ್ ಲೇಲ್ಯಾಂಡಿನ ಸ್ಟ್ಯಾಲಿಯನ್ ಲಾರಿಯು ಇದರ ಸ್ಥಾನಕ್ಕೆ ಬಂದಿತು. 1965 ಮತ್ತು 1971ರ ಯುದ್ಧಗಳಲ್ಲಿ ಸೈನಿಕರನ್ನೂ ಮದ್ದುಗುಂಡುಗಳನ್ನೂ ಅಕ್ಕಿ ಬೇಳೆಗಳನ್ನೂ ಸಾಗಿಸಿದ ಈ ಲಾರಿಯ ಹೆಸರನ್ನು ಯುದ್ಧಚರಿತ್ರೆಗಳಲ್ಲಿ ಹುಡುಕಿದರೆ ಸಿಗುವುದು ವಿರಳ. ಟ್ಯಾಂಕಿಗೂ ವಿಮಾನಕ್ಕೂ ದೊರೆತ ಕೀರ್ತಿಯಲ್ಲಿ ಇದಕ್ಕೆ ಪಾಲು ಬರಲಿಲ್ಲವೆಂಬುದು ನನ್ನ ಮನಸ್ಸಿಗೆ ಇಂದಿಗೂ ನ್ಯಾಯವೆನಿಸಿಲ್ಲ.

ಪುಣೆಯು ಸೇನೆಯ ಊರು. ದಕ್ಷಿಣ ಕಮಾಂಡಿನ ಕೇಂದ್ರ ಇಲ್ಲಿಯೇ ಇದೆ. ಖಡಕಿಯಲ್ಲಿ ಬಾಂಬೆ ಸ್ಯಾಪರ್ಸ್ ದಳವೂ ಮದ್ದುಗುಂಡಿನ ಕಾರ್ಖಾನೆಯೂ 512ನೆಯ ಆರ್ಮಿ ಬೇಸ್ ವರ್ಕ್‌ಶಾಪೂ, ದೇಹೂರೋಡಿನಲ್ಲಿ ಸೇನೆಯ ದೊಡ್ಡ ಉಗ್ರಾಣವೂ ಇವೆ. ಆದುದರಿಂದ ಸೇನೆಯ ಹಳೆಯ ಸಾಮಾನು ಈ ಊರಿನ ಗುಜರಿ ವ್ಯಾಪಾರಿಗಳ ಅಂಗಳಗಳನ್ನು ಆಗಾಗ ಸೇರುವುದು ಸ್ವಾಭಾವಿಕ. ನನಗೆ ದೊರೆತ ಶಕ್ತಿಮಾನ್ ಅಂತಹ ಒಂದು ಅಂಗಳದ ಮೂಲೆಯಲ್ಲಿ, ಹರಾಜಿನಲ್ಲಿ ಬಂದ ಇತರ ವಾಹನಗಳೆಲ್ಲ ಒಡೆದು ತೂಕಕ್ಕೆ ಹೋದ ಮೇಲೆ, ಗ್ಯಾಸ್ ಕಟ್ಟರಿನ ಸರದಿಗಾಗಿ ಕಾಯುತ್ತ ನಿಂತಿತ್ತು. ಗಾಲಿಗಳು ಅರ್ಧ ಮಣ್ಣಿನಲ್ಲಿ ಹೂತು, ಬಾನೆಟ್ಟಿನ ಸಂದಿಯಲ್ಲಿ ಹುಲ್ಲು ಹುಟ್ಟಿ, ತಾಡಪತ್ರಿ ಹೊದಿಸುವ ಕಮಾನುಗಳು ತುಕ್ಕು ಹಿಡಿದಿದ್ದುವಾದರೂ, ಛಾಸಿಯ ಎರಡು ಉದ್ದ ತೊಲೆಗಳಲ್ಲಿ ಎಲ್ಲಿಯೂ ಬಿರುಕಾಗಲಿ ಬಾಗಾಗಲಿ ಇರಲಿಲ್ಲ. ಸೇನೆಯ ನಂಬರಿನ ಮೇಲೆ ಬಳಿದಿದ್ದ ಬಣ್ಣವು ಬಿಸಿಲಿಗೆ ಸುಲಿದು, ಮೇಲ್ಮುಖವಾದ ಬಾಣದ ಗುರುತೂ ಅದರ ಬಲಕ್ಕೆ 79 ಎಂಬ ಅಂಕಿಯೂ ಕಾಣುತ್ತಿದ್ದುವು. ಸೇನೆಯ ನೋಂದಣಿಯಲ್ಲಿ ಬಾಣದ ನಂತರದ ಆ ಎರಡು ಅಂಕಿಗಳು ವಾಹನವು ಸೇವೆಗೆ ಸೇರಿದ ವರ್ಷವನ್ನು ಹೇಳುತ್ತವೆ. ನಮ್ಮ ಬಡಾವಣೆಯ ವಾರಕರಿಗಳ ದಿಂಡಿಗೆ, ಎಂದರೆ ಯಾತ್ರೆಯ ತಂಡಕ್ಕೆ, ಆಷಾಢದ ಪಾದಯಾತ್ರೆಯಲ್ಲಿ ಆಳಂದಿಯಿಂದ ಪಂಢರಪುರದವರೆಗೆ ಪಾತ್ರೆ, ಹಾಸಿಗೆ, ಡೇರೆಗಳನ್ನು ಹೊತ್ತು ಮುಂದೆ ಹೋಗುವ ಒಂದು ಲಾರಿಯ ಅವಶ್ಯಕತೆ ಬಹುದಿನಗಳಿಂದ ಇದ್ದಿತು. ಆ ಅವಶ್ಯಕತೆಯೂ ನನ್ನ ಹಳೆಯ ಆಸೆಯೂ ಒಂದೆಡೆ ಕೂಡಿದುದರಿಂದ, ತೂಕದ ಬೆಲೆಗಿಂತ ಸ್ವಲ್ಪ ಹೆಚ್ಚು ಕೊಟ್ಟು ಅದನ್ನು ಕೊಂಡೆವು.

ನೋಡಿದವರೆಲ್ಲ ಕೊಟ್ಟ ಸಲಹೆ ಒಂದೇ ಆಗಿತ್ತು: ಇಂಜಿನನ್ನು ಕಿತ್ತು ಗುಜರಿಗೆ ಹಾಕಿ, ಟಾಟಾ ಇಂಜಿನ್ ಕೂರಿಸಿರಿ, ಬಿಡಿಭಾಗ ನಾನಾಪೇಟೆಯಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಲಾರಿಯಿಂದಲೇ ಹೊಟ್ಟೆ ಹೊರೆಯುವವನಿಗೆ ಈ ಸಲಹೆಯು ತಪ್ಪಲ್ಲ. ಆದರೆ ಶಕ್ತಿಮಾನಿನ ವೈಶಿಷ್ಟ್ಯವೆಲ್ಲ ಇರುವುದು ಅದರ ಆರು ಸಿಲಿಂಡರಿನ ಇಂಜಿನಿನಲ್ಲಿಯೇ. ಸಾಧಾರಣ ಡೀಸೆಲ್ ಇಂಜಿನಿನಲ್ಲಿ ನಾಝಲ್ ಸಿಂಪಡಿಸಿದ ತೈಲವು ಕಾದ ಗಾಳಿಯಲ್ಲಿ ಬೆರೆತು ತಟಕ್ಕನೆ ಹೊತ್ತಿಕೊಳ್ಳುತ್ತದೆ. ಮಾನ್ ಕಂಪನಿಯ ತಜ್ಞ ಮೊಯರರು ರೂಪಿಸಿದ ವಿಧಾನದಲ್ಲಾದರೋ, ಪಿಸ್ಟನ್ನಿನ ತಲೆಯಲ್ಲಿ ಕೊರೆದ ಗೋಳಾಕಾರದ ಕುಳಿಯ ಗೋಡೆಗೆ ತೈಲವನ್ನು ತೆಳುವಾಗಿ ಹರಡಿ, ಅದು ಗೋಡೆಯ ಕಾವಿಗೆ ಆವಿಯಾಗುತ್ತ ಕ್ರಮಕ್ರಮವಾಗಿ ಉರಿಯುವಂತೆ ಏರ್ಪಡಿಸಿದೆ. ಇದರಿಂದಾಗಿ ಡೀಸೆಲ್ಲಿನ ಕರ್ಕಶವಾದ ಬಡಿತವು ಇದರಲ್ಲಿ ಬಹಳಮಟ್ಟಿಗೆ ಇಳಿದು, ದೂರದಿಂದ ಕೇಳಿದವನು ಪೆಟ್ರೋಲ್ ಗಾಡಿಯೆಂದು ಭ್ರಮಿಸುವಷ್ಟು ಮೃದುವಾದ ಧ್ವನಿ ಬರುತ್ತದೆ. ಇಂತಹ ಇಂಜಿನನ್ನು ಕಿತ್ತು ಹಾಕಿ ಉಳಿದುದನ್ನು ಶಕ್ತಿಮಾನ್ ಎಂದು ಕರೆಯಲು ನನ್ನ ಮನಸ್ಸು ಒಪ್ಪಲಿಲ್ಲ.

ಈ ಹಂತದಲ್ಲಿ ನಮಗೆ ಆಧಾರವಾದವರು ಖಡಕಿಯಲ್ಲಿ ನೆಲೆಸಿದ್ದ, ಮೂಲತಃ ಬೈಲಹೊಂಗಲದ ಕಡೆಯವರಾದ ಒಬ್ಬ ನಿವೃತ್ತ ಹವಾಲ್ದಾರರು. 1943ರಲ್ಲಿ ಸ್ಥಾಪಿತವಾದ, ಸೇನೆಯ ಯಂತ್ರಗಳನ್ನೆಲ್ಲ ದುರಸ್ತಿಯಲ್ಲಿಡುವ ಇ.ಎಂ.ಇ. ದಳದಲ್ಲಿ ಅವರು ತಮ್ಮ ಸೇವಾಕಾಲವನ್ನು ಕಳೆದವರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಬ್ಯಾಟರಿ ತಂದು ಒಮ್ಮೆ ಚಾಲೂ ಮಾಡಿ ನೋಡೋಣವೆಂದು ಹುಡುಗರು ಅವಸರಪಟ್ಟಾಗ ಅವರು ಹೇಳಿದ್ದು ಇಷ್ಟೇ: “ಸೆಲ್ಫ್ ಹೊಡೀಬ್ಯಾಡ್ರಿ ರಾಯರ. ಒಳಗ ಏನ್ ಹಿಡಕೊಂಡೈತೋ ಗೊತ್ತಿಲ್ಲ. ಮೊದಲ ಕೈಲೆ ತಿರುವಿ ನೋಡೂಣು.”

ಈ ಮಾತಿನಲ್ಲಿ ಅಡಗಿದ್ದ ವಿವೇಕವು ದಿನ ಕಳೆದಂತೆ ನನಗೆ ಮನವರಿಕೆಯಾಯಿತು. ಬಹುಕಾಲ ನಿಂತ ಇಂಜಿನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿರಬಹುದು. ತೆರೆದೇ ಉಳಿದ ವಾಲ್ವು ತನ್ನ ಗೈಡಿನಲ್ಲಿ ಬಿಗಿದಿರಬಹುದು. ಸೈಲೆನ್ಸರಿನ ಮೂಲಕ ಇಳಿದ ಮಳೆಯ ನೀರು ಸಿಲಿಂಡರಿನಲ್ಲಿ ನಿಂತಿರಬಹುದು. ಇಂತಹ ಸ್ಥಿತಿಯಲ್ಲಿ ಸ್ಟಾರ್ಟರಿನ ಬಲವನ್ನು ಏಕಾಏಕಿ ಪ್ರಯೋಗಿಸಿದರೆ ರಿಂಗು ಮುರಿಯುವುದು, ಪುಶ್‌ರಾಡು ಬಾಗುವುದು, ಕನೆಕ್ಟಿಂಗ್ ರಾಡು ಡೊಂಕಾಗುವುದು ಇವು ಯಾವುವೂ ಅಸಂಭವವಲ್ಲ. ಆದಕಾರಣ ಕಾಕಾ ಅವರು ನಾಝಲ್‌ಗಳನ್ನೆಲ್ಲ ಬಿಚ್ಚಿಸಿ, ಪ್ರತಿಯೊಂದು ಸಿಲಿಂಡರಿಗೂ ಡೀಸೆಲ್ಲನ್ನೂ ಇಂಜಿನ್ ಆಯಿಲನ್ನೂ ಬೆರೆಸಿ ಹನಿಹನಿಯಾಗಿ ಇಳಿಸಿ, ಹಲವು ದಿನಗಳವರೆಗೆ ಹಾಗೆಯೇ ಬಿಡಿಸಿದರು. ಈ ನಡುವೆ ಇಂಜಿನಿನ ತಳದ ಎಣ್ಣೆಯ ಚೇಂಬರಿನ ಬೋಲ್ಟು ಸಡಿಲಿಸಿದಾಗ ಮೊದಲು ಇಳಿದದ್ದು ನೀರು, ಅನಂತರ ಕರಿಯ ಅಂಟು. ಎಣ್ಣೆಗಿಂತ ನೀರು ಭಾರವಾದುದರಿಂದ ಅದು ತಳದಲ್ಲಿ ಸೇರಿ, ಬೇರಿಂಗುಗಳಿಗೆ ಮೊದಲು ಹೋಗತಕ್ಕದ್ದು ಅದೇ ಆಗಿತ್ತು. ಬೇರಿಂಗು ಕ್ಯಾಪುಗಳನ್ನು ಒಂದೊಂದಾಗಿ ಇಳಿಸಿ ನೋಡಿ ಒರೆಸಿ ಎಣ್ಣೆ ಹಚ್ಚಿ ಮರಳಿ ಬಿಗಿದೆವು. ಕಡೆಗೊಂದು ಸಂಜೆ, ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಉದ್ದನೆಯ ಪಾನಾ ಹಾಕಿ ಮೆಲ್ಲನೆ ಒತ್ತಡ ಕೊಟ್ಟಾಗ, ಅದು ಮೊದಲು ಕೂದಲೆಳೆಯಷ್ಟು, ಆಮೇಲೆ ಒಂದಂಗುಲ, ಆಮೇಲೆ ಪೂರ್ತಿ ಒಂದು ಸುತ್ತು ತಿರುಗಿತು. ಆ ಕ್ಷಣದ ಹರ್ಷಕ್ಕೆ ಮುಂದೆ ಇಂಜಿನ್ ಉರಿದ ದಿನದ ಹರ್ಷವೂ ಸಮವಾಗಲಿಲ್ಲ.

ಆ ಬಳಿಕ ನೀರಿನ ಹಾದಿಯ ಕೆಲಸ. ಬಾವಿಯ ಗಡಸು ನೀರು ಕಾಯಿಸಿದ ಹಂಡೆಯೊಳಗೆ ಕಟ್ಟುವ ಬಿಳಿಯ ಹರಳಿನಂತೆ ಬ್ಲಾಕಿನ ಒಳಗೋಡೆಗಳಲ್ಲಿ ಸುಣ್ಣ ಕಟ್ಟಿತ್ತು. ಅದನ್ನು ಕೆರೆದು ತೊಳೆಯುವುದಕ್ಕೆ ಬೇಕಾದದ್ದು ತಾಳ್ಮೆಯೇ ಹೊರತು ವಿದ್ಯೆಯಲ್ಲ. ರೇಡಿಯೇಟರಿಗೆ ಹೊಸ ಕೋರು ಹಾಕಿಸಿದೆವು. ರಬ್ಬರಿನ ಪೈಪುಗಳನ್ನೂ ಬೆಲ್ಟುಗಳನ್ನೂ ನೋಡಲು ಚೆನ್ನಾಗಿದ್ದುವೆಂದು ಉಳಿಸಿಕೊಳ್ಳಲಿಲ್ಲ. ನಿಂತ ವಾಹನದ ರಬ್ಬರನ್ನು ಹೊರಗಿನ ರೂಪದಿಂದ ನಂಬಲಾಗದು. ಡೀಸೆಲ್ ಟ್ಯಾಂಕನ್ನು ಇಳಿಸಿ ತೊಳೆದಾಗ ಹೊರಬಂದ ಕೆಸರನ್ನು ಕಂಡವನು, ಅದನ್ನು ತೊಳೆಯದೆ ಹೊಸ ತೈಲ ತುಂಬುವ ಸಾಹಸವನ್ನು ಮತ್ತೆಂದೂ ಯೋಚಿಸಲಾರ.

ಪಂಪಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಡೀಸೆಲ್ ಇಂಜಿನಿಗೆ ಫ್ಯುಯೆಲ್ ಇಂಜೆಕ್ಷನ್ ಪಂಪೇ ಪ್ರಾಣ. ಪ್ರತಿಯೊಂದು ಸಿಲಿಂಡರಿಗೂ ತಕ್ಕ ಸಮಯಕ್ಕೆ ತಕ್ಕಷ್ಟೇ ತೈಲವನ್ನು ಅಧಿಕ ಒತ್ತಡದಲ್ಲಿ ಕಳುಹಿಸುವ ಈ ಉಪಕರಣದಲ್ಲಿ, ಪ್ಲಂಜರಿಗೂ ಅದರ ಬ್ಯಾರಲ್ಲಿಗೂ ನಡುವಣ ಅಂತರವು ಮಿಲಿಮೀಟರಿನ ಸಹಸ್ರಾಂಶಗಳಲ್ಲಿ ಅಳೆಯತಕ್ಕದ್ದು. ನಮ್ಮ ಲಾರಿಯ ಪಂಪು ಮಣ್ಣು ಮತ್ತು ಗ್ರೀಸುಗಳ ದಪ್ಪ ಪದರದ ಕೆಳಗೆ ಮುಚ್ಚಿಹೋಗಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತ ಹೋದಂತೆ ಸಣ್ಣದೊಂದು ತಗಡಿನ ಪಟ್ಟಿಯೂ ಅದರ ಮೇಲೆ ಮೈಕೋ ಎಂಬ ಹೆಸರೂ ಕಡೆಯಲ್ಲಿ ಬೆಂಗಳೂರು ಎಂಬ ಊರೂ ಕಾಣಿಸಿಕೊಂಡುವು. ಜರ್ಮನಿಯ ಬಾಷ್ ಕಂಪನಿಯ ಸಹಭಾಗಿತ್ವದಲ್ಲಿ 1951ರಲ್ಲಿ ಸ್ಥಾಪಿತವಾಗಿ ಆಡುಗೋಡಿಯಲ್ಲಿ ಬೆಳೆದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ, ಎಂದರೆ ಮೈಕೋದ, ಪಂಪುಗಳು ಈ ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರುಗಳಲ್ಲಿ ಎಷ್ಟು ವ್ಯಾಪಿಸಿದುವೆಂದರೆ, ಯಾವ ಊರಿನ ಮೆಕ್ಯಾನಿಕ್ಕಿಗೂ ಡೀಸೆಲ್ ಪಂಪೆಂದರೆ ಮೈಕೋ ಪಂಪೇ. ಜರ್ಮನಿಯ ನಕ್ಷೆ, ಜಬಲ್ಪುರದ ಜೋಡಣೆ, ಬೆಂಗಳೂರಿನ ಪಂಪು ಇವು ಮೂರೂ ಪುಣೆಯ ಒಂದು ಗುಜರಿ ಅಂಗಳದಲ್ಲಿ ಒಟ್ಟಿಗೆ ನಿಂತಿದ್ದುವೆಂಬ ಅರಿವು, ಆ ಕಾಲದ ಕೈಗಾರಿಕಾ ಭಾರತವನ್ನು ಯಾವ ಇತಿಹಾಸದ ಪುಸ್ತಕಕ್ಕಿಂತಲೂ ಸ್ಪಷ್ಟವಾಗಿ ನನ್ನ ಕಣ್ಣೆದುರಿಗೆ ತಂದಿತು. ಈ ಪುಣೆಯ ಯಂತ್ರವಿದ್ಯೆಗೂ ನಮ್ಮ ನಾಡಿಗೂ ನಂಟು ಹಳೆಯದೇ. ಖಡಕಿಯಲ್ಲಿ 1946ರಿಂದ ಡೀಸೆಲ್ ಇಂಜಿನುಗಳ ಕಾರ್ಖಾನೆ ನಡೆಸುತ್ತಿರುವ ಕಿರ್ಲೋಸ್ಕರ ಸಂಸ್ಥೆಯ ಮೂಲಪುರುಷ ಲಕ್ಷ್ಮಣರಾಯರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮವನ್ನು ಮೊದಲಿಟ್ಟದ್ದೂ ಬೆಳಗಾವಿಯಲ್ಲಿಯೇ.

ನಿಂತ ಪಂಪಿನಲ್ಲಿ ಒಂದು ಅಪಾಯವುಂಟು. ಅನುಭವಿಗಳಲ್ಲದವರಿಗೆ ಅದು ತಿಳಿದಿರುವುದಿಲ್ಲವಾದುದರಿಂದ ಒತ್ತಿ ಹೇಳುತ್ತೇನೆ. ತೈಲದ ಪ್ರಮಾಣವನ್ನು ಹೆಚ್ಚುಕಡಮೆ ಮಾಡುವ ರ‍್ಯಾಕ್ ಎಂಬ ಹಲ್ಲಿನ ಸಲಾಕೆಯು ಹಳೆಯ ಡೀಸೆಲ್ಲಿನ ಅಂಟಿನಿಂದಲೋ ತುಕ್ಕಿನಿಂದಲೋ ಪೂರ್ಣ ತೈಲದ ಸ್ಥಾನದಲ್ಲಿಯೇ ಸಿಕ್ಕಿಕೊಂಡಿದ್ದರೆ, ಇಂಜಿನ್ ಚಾಲೂ ಆದೊಡನೆಯೇ ವೇಗವು ಏರುತ್ತ ಹೋಗಿ, ಕೀಲಿ ತಿರುವಿದರೂ ನಿಲ್ಲದೆ, ತನ್ನನ್ನು ತಾನೇ ಒಡೆದುಕೊಳ್ಳುವವರೆಗೂ ಓಡುತ್ತದೆ. ಡೀಸೆಲ್ ಇಂಜಿನಿಗೆ ಪೆಟ್ರೋಲ್ ಇಂಜಿನಿನಂತೆ ಕಿಡಿಯನ್ನು ಕತ್ತರಿಸಿ ನಿಲ್ಲಿಸುವ ಉಪಾಯವಿಲ್ಲ. ಅದನ್ನು ನಿಲ್ಲಿಸಬೇಕಾದರೆ ತೈಲವನ್ನು ತಡೆಯಬೇಕು, ಇಲ್ಲವೆ ಗಾಳಿಯನ್ನು ತಡೆಯಬೇಕು. ನಮ್ಮ ಪಂಪನ್ನು ಬಿಚ್ಚಿ, ಟೆಸ್ಟ್ ಬೆಂಚಿನ ಮೇಲೆ ಕೂರಿಸಿ, ಆರೂ ನಾಳಗಳಿಂದ ಸಮಪ್ರಮಾಣದಲ್ಲಿ ತೈಲ ಬರುವಂತೆ ಸರಿಪಡಿಸಿದ ಮೇಲೂ ಕಾಕಾ ಅವರು ಏರ್ ಕ್ಲೀನರನ್ನು ತೆಗೆದು, ಗಾಳಿಯ ಬಾಯಿಯ ಅಳತೆಗೆ ಸರಿಯಾಗಿ ಕತ್ತರಿಸಿದ ದಪ್ಪ ಹಲಗೆಯೊಂದನ್ನು ನನ್ನ ಕೈಯಲ್ಲಿಟ್ಟು, ತಾವು ಕೈ ಎತ್ತಿದೊಡನೆ ಅದನ್ನು ಬಾಯಿಗೆ ಒತ್ತಿ ಹಿಡಿಯತಕ್ಕದ್ದೆಂದು ಆಜ್ಞಾಪಿಸಿದರು. ಅಂಗೈಯಿಂದ ಮುಚ್ಚಲು ಹೋದವನ ಕೈ ಉಳಿಯದೆಂಬ ಎಚ್ಚರಿಕೆಯನ್ನೂ ಕೊಟ್ಟರು.

ಫಿಲ್ಟರಿನ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪು ಒತ್ತುತ್ತ, ಗುಳ್ಳೆಗಳು ನಿಂತು ಶುದ್ಧ ಡೀಸೆಲ್ ಬರುವವರೆಗೆ ಏರ್ ತೆಗೆದು, ಮೊದಲು ತೈಲವಿಲ್ಲದೆಯೇ ಇಂಜಿನನ್ನು ಸೆಲ್ಫಿನಿಂದ ತಿರುಗಿಸಿ, ಆಯಿಲ್ ಪ್ರೆಶರಿನ ಮುಳ್ಳು ಮೇಲೇಳುವುದನ್ನು ನೋಡಿದ ತರುವಾಯವೇ ತೈಲ ಬಿಟ್ಟದ್ದು. ಮೊದಲು ಒಂದು ಸಿಲಿಂಡರು, ಅದರ ಹಿಂದೆ ಎರಡು, ಆಮೇಲೆ ತೊದಲುತ್ತ ಎಲ್ಲವೂ ಹೊತ್ತಿಕೊಂಡುವು. ಸೈಲೆನ್ಸರಿನಿಂದ ಎದ್ದ ದಟ್ಟವಾದ ಬಿಳಿಯ ಹೊಗೆಯನ್ನು ಕಂಡು ಹುಡುಗರು ಗಾಬರಿಯಾದರೂ ಕಾಕಾ ಕದಲಲಿಲ್ಲ. ಗೋಡೆಯ ಕಾವಿನಿಂದ ತೈಲವನ್ನು ಆವಿಯಾಗಿಸುವ ಈ ಜಾತಿಯ ಇಂಜಿನಿನಲ್ಲಿ, ಆ ಗೋಡೆ ಕಾಯುವವರೆಗೆ ಅರೆಬೆಂದ ತೈಲವು ಬಿಳಿಯ ಹೊಗೆಯಾಗಿ ಬರುವುದು ಸಹಜವೆಂದು ಅವರು ಬಲ್ಲರು. ಸ್ವಲ್ಪ ಹೊತ್ತಿನಲ್ಲಿ ಹೊಗೆ ತಿಳಿಯಾಯಿತು, ಧ್ವನಿ ಸಮವಾಯಿತು. ನನ್ನ ಕೈಯ ಹಲಗೆಗೆ ಕೆಲಸ ಬೀಳಲಿಲ್ಲ.

ಇಂಜಿನ್ ಚಾಲೂ ಆದ ದಿನವೇ ಲಾರಿಯನ್ನು ಬೀದಿಗೆ ತರುವ ಉತ್ಸಾಹ ಎಲ್ಲರಿಗೂ ಬರುತ್ತದೆ. ಆದರೆ ನಿಜವಾಗಿ ಆಗಬೇಕಾದ ಕೆಲಸದ ದೊಡ್ಡ ಪಾಲು ಆಗ ಇನ್ನೂ ಬಾಕಿ ಇರುತ್ತದೆಂಬುದು ನನ್ನ ಖಚಿತವಾದ ಅಭಿಪ್ರಾಯ. ಬ್ರೇಕುಗಳನ್ನು ನಾಲ್ಕು ಗಾಲಿಗಳಲ್ಲಿಯೂ ಬಿಚ್ಚಿ, ರಬ್ಬರಿನ ಭಾಗಗಳನ್ನೆಲ್ಲ ಬದಲಿಸಿ, ಹಳೆಯ ಲೈನಿಂಗಿನ ಧೂಳಿನಲ್ಲಿ ಕಲ್ನಾರು ಇರುವುದರಿಂದ ಅದನ್ನು ಊದಿ ತೆಗೆಯದೆ ನೀರಿನಿಂದ ನೆನೆಸಿ ಒರೆಸಿದೆವು. ಟೈರುಗಳ ವಿಷಯದಲ್ಲಂತೂ ಜೀವದ ಪ್ರಶ್ನೆಯೇ ಇದೆ. ಈ ತರಹದ ಲಾರಿಗಳ ರಿಮ್ಮಿನಲ್ಲಿ ಟೈರನ್ನು ಹಿಡಿದಿಡುವುದು ಬೇರೆಯಾದ ಒಂದು ಲಾಕ್ ರಿಂಗು. ತುಕ್ಕು ಹಿಡಿದ ರಿಂಗು ತನ್ನ ತೋಡಿನಲ್ಲಿ ಸರಿಯಾಗಿ ಕೂರದಿದ್ದರೆ, ಗಾಳಿ ತುಂಬುವಾಗ ಅದು ಸಿಡಿದು ಎದುರಿಗಿದ್ದವನ ತಲೆಯನ್ನು ತೆಗೆದುಕೊಂಡು ಹೋಗಬಲ್ಲದು. ಕಬ್ಬಿಣದ ಪಂಜರದೊಳಗಿಟ್ಟೋ, ಸರಪಳಿ ಸುತ್ತಿಯೋ, ಪಕ್ಕಕ್ಕೆ ನಿಂತು ಉದ್ದನೆಯ ಪೈಪಿನಿಂದಲೇ ಗಾಳಿ ತುಂಬತಕ್ಕದ್ದು. ಹೆದ್ದಾರಿಯ ಬದಿಯ ಪಂಕ್ಚರ್ ಅಂಗಡಿಗಳಲ್ಲಿ ಈ ಎಚ್ಚರಿಕೆಯನ್ನು ಇಂದಿಗೂ ಕಡೆಗಣಿಸುವುದನ್ನು ಕಂಡಾಗ ಮನಸ್ಸು ಮರುಗುತ್ತದೆ.

ಕಾಗದಪತ್ರಗಳ ವಿಷಯವನ್ನು ಹಲವರು ಕಡೆಗೆ ಇಟ್ಟುಕೊಳ್ಳುತ್ತಾರೆ. ಅದನ್ನು ಮೊದಲಿಗೇ ನೋಡಿಕೊಳ್ಳುವುದು ಕ್ಷೇಮ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಸೇನೆಯಿಂದ ಬಂದ ವಾಹನವನ್ನು ನೋಂದಾಯಿಸುವಾಗ ಸಂಬಂಧಪಟ್ಟ ಅಧಿಕಾರಿಗಳು ಕೊಟ್ಟ ಮೂಲ ಮಾರಾಟಪತ್ರವನ್ನು ಹಾಜರುಪಡಿಸಬೇಕು. ಗುಜರಿ ವ್ಯಾಪಾರಿಯ ರಸೀತಿ ಅದಕ್ಕೆ ಬದಲಾಗದು. ನಮ್ಮ ವ್ಯಾಪಾರಿಯ ಬಳಿ ಆ ಪತ್ರವಿದ್ದುದರಿಂದಲೇ ನಾವು ಬೆಲೆ ಮಾತಾಡಿದ್ದು. ಸಂಗಮ ಸೇತುವೆಯ ಬಳಿಯ ಆರ್.ಟಿ.ಓ. ಕಚೇರಿಯಲ್ಲಿ ಛಾಸಿ ನಂಬರಿನ ಮುದ್ರೆಯನ್ನು ತೆಗೆದುಕೊಟ್ಟು, ಲಾರಿಯನ್ನು ತಪಾಸಣೆಗೆ ಒಪ್ಪಿಸಿದೆವು. ಅದೇ ನಿಯಮಗಳಲ್ಲಿ ಮತ್ತೊಂದು ಕಟ್ಟಳೆಯಿದೆ: ಸೇನೆಯ ಆಲಿವ್ ಹಸಿರು ಬಣ್ಣವನ್ನು ರಕ್ಷಣಾ ಇಲಾಖೆಯದಲ್ಲದ ಯಾವ ವಾಹನಕ್ಕೂ ಬಳಿಯಕೂಡದು. ಹಳೆಯ ಸೇನಾವಾಹನವನ್ನು ಅದರ ಮೂಲ ಬಣ್ಣದಲ್ಲಿಯೇ ಕಾಣಬೇಕೆಂಬ ಹಂಬಲವನ್ನು ನಾನು ಬಲ್ಲೆನಾದರೂ, ಆ ಬಣ್ಣವು ಕಾವಲು ಬಾಗಿಲುಗಳಲ್ಲಿ ಒಂದು ಗುರುತಾಗಿ ಸಲ್ಲುವುದರಿಂದ ಈ ಕಟ್ಟಳೆಯು ಯುಕ್ತವೇ ಆಗಿದೆ. ನಮ್ಮ ಶಕ್ತಿಮಾನ್ ಕಾವಿಯ ಬಣ್ಣವನ್ನು ತಳೆಯಿತು. ವಾರಕರಿಗಳ ಸಾಮಾನು ಹೊರುವ ಲಾರಿಗೆ ಅದು ಒಪ್ಪಿತು ಕೂಡ.

ಹಿಂಬದಿಯ ಡಿಫರೆನ್ಷಿಯಲ್ಲಿನ ಗುಂಡನೆಯ ಹೌಸಿಂಗಿಗೆ ಮಾತ್ರ ಮೊದಲಿದ್ದ ಬಿಳಿಯ ಬಣ್ಣವನ್ನೇ ಪುನಃ ಬಳಿಸಿದೆವು. ಅದರ ಮೇಲ್ಭಾಗದಲ್ಲಿ, ಹೊರಗಿನವರಿಗೆ ಕಾಣದಂತೆ, ಒಂದು ಪುಟ್ಟ ದೀಪವನ್ನು ಜೋಡಿಸಿರುತ್ತಾರೆ. ಯುದ್ಧಪ್ರದೇಶದಲ್ಲಿ ಎಲ್ಲ ದೀಪಗಳನ್ನೂ ಆರಿಸಿ ರಾತ್ರಿಯಲ್ಲಿ ಸಾಲಾಗಿ ಹೋಗುವಾಗ, ಆ ದೀಪದ ಮಂದವಾದ ಬೆಳಕು ಬಿದ್ದ ಬಿಳಿಯ ಗುಂಡನ್ನೇ ನೋಡುತ್ತ ಹಿಂದಿನ ಲಾರಿಯ ಚಾಲಕನು ದಾರಿ ಹಿಡಿಯಬೇಕು. ವಿಮಾನದಿಂದ ನೋಡಿದವನಿಗೆ ಅದು ಕಾಣಿಸದು. “ಅದು ಕಂಡರ ಮುಂದ ಗಾಡಿ ಐತಿ, ಕಾಣದಿದ್ದರ ನಾ ದೂರ ಉಳದೀನಿ. ಇಷ್ಟ ಲೆಕ್ಕ,” ಎಂದು ಕಾಕಾ ವಿವರಿಸಿದರು. ಸೇನೆಯಲ್ಲಿ ಚಾಲಕನು ಹೊರಡುವ ಮುನ್ನ, ದಾರಿಯಲ್ಲಿ ನಿಂತಾಗ, ಮರಳಿದ ಮೇಲೆ ಮಾಡಬೇಕಾದ ತಪಾಸಣೆಗಳಿಗೆ ಫಸ್ಟ್ ಪೆರೇಡ್, ಹಾಲ್ಟ್ ಪೆರೇಡ್, ಲಾಸ್ಟ್ ಪೆರೇಡ್ ಎಂದು ಹೆಸರು. ನಮ್ಮ ದಿಂಡಿಯ ಚಾಲಕನಿಗೂ ಅವರು ಇದನ್ನೇ ರೂಢಿ ಮಾಡಿಸಿದರು. ನೀರು, ಎಣ್ಣೆ, ಬೆಲ್ಟು, ಗಾಲಿಯ ನಟ್ಟು, ಹಬ್ಬಿನ ಕಾವು ಇವನ್ನು ಕೈಯಿಂದ ಮುಟ್ಟಿ ನೋಡದೆ ಅವನು ಇಂದಿಗೂ ಸೀಟಿಗೆ ಏರುವುದಿಲ್ಲ.

ಜ್ಞಾನೇಶ್ವರ ಮಹಾರಾಜರ ಪಾಲಕಿಯು ಪುಣೆಯನ್ನು ಬಿಟ್ಟು ಸಾಸವಡಕ್ಕೆ ಹೋಗುವ ಹಾದಿಯಲ್ಲಿ ದಿವೇಘಾಟ ಬರುತ್ತದೆ. ಜನಸಾಗರ ಏರುವುದಕ್ಕೆ ಮೊದಲೇ ಸಾಮಾನಿನ ಲಾರಿಗಳು ಘಾಟನ್ನು ಹತ್ತಿ ಮುಂದಿನ ಬಿಡಾರದಲ್ಲಿ ಒಲೆ ಹೂಡಿರಬೇಕು. ನಮ್ಮ ಲಾರಿಯು ಮೊದಲ ವರ್ಷ ಪೂರ್ಣ ಭಾರ ಹೊತ್ತು, ಮುಂದಿನ ಗಾಲಿಗಳ ಗೇರನ್ನು ಬಿಡಿಸಿಕೊಂಡೇ, ಏಕೆಂದರೆ ಗಟ್ಟಿಯಾದ ಡಾಂಬರಿನ ಮೇಲೆ ನಾಲ್ಕೂ ಗಾಲಿಗಳಿಗೆ ಬಲ ಕೊಟ್ಟರೆ ತಿರುವುಗಳಲ್ಲಿ ಗೇರುಗಳೇ ಒಂದನ್ನೊಂದು ತಿನ್ನುತ್ತವೆ, ಕೆಳಗೇರಿನಲ್ಲಿ ನಿಧಾನವಾಗಿ, ನೀರು ಕುದಿಸದೆ ಘಾಟನ್ನು ಏರಿತು. ಮಳೆಗೆ ಕೆಸರಾದ ಬಿಡಾರದ ಹೊಲಗಳಲ್ಲಿ ಇತರ ಲಾರಿಗಳು ಹೂತಾಗ ಮಾತ್ರ ಮುಂದಿನ ಗಾಲಿಗಳ ಆ ಗೇರನ್ನು ಹಾಕಿ, ಅವನ್ನು ಎಳೆದು ಹೊರತೆಗೆಯುವ ಕೆಲಸವನ್ನೂ ಅದು ಮಾಡಿತು.

ಇಷ್ಟೆಲ್ಲ ಸಾಧ್ಯವಾದದ್ದು ಒಬ್ಬ ಹವಾಲ್ದಾರರ ನೆನಪಿನಲ್ಲಿದ್ದ ವಿದ್ಯೆಯಿಂದ. ಆ ವಾಹನಕ್ಕೆ ಸೇನೆಯಲ್ಲಿದ್ದಾಗ ಉಗ್ರಾಣ, ವರ್ಕ್‌ಶಾಪು, ಲಾಗ್‌ಬುಕ್ಕು, ದಿನದಿನದ ಪೆರೇಡು ಇವುಗಳ ಇಡೀ ಒಂದು ವ್ಯವಸ್ಥೆಯೇ ಆಸರೆಯಾಗಿತ್ತು. ಹೊರಗೆ ಬಂದ ಮೇಲೆ ಅದಕ್ಕೆ ಉಳಿದಿರುವ ಆಸರೆ ಇಂತಹ ಜನರೇ. ಯಾವ ಬೋಲ್ಟನ್ನು ಯಾವ ಕ್ರಮದಲ್ಲಿ ಬಿಗಿಯಬೇಕು, ಯಾವ ಸೀಲಿಗೆ ಪೇಟೆಯ ಯಾವ ಗಾಡಿಯ ಸೀಲು ಒಪ್ಪುತ್ತದೆ ಎಂಬುದು ಅವರ ತಲೆಯಲ್ಲಿದೆಯೇ ವಿನಾ ಬೇರೆಲ್ಲಿಯೂ ಇಲ್ಲ. ಖಡಕಿ, ದೇಹೂರೋಡ್, ಬೆಳಗಾವಿ, ಬೈಲಹೊಂಗಲ, ಕೊಡಗು ಮೊದಲಾದ ಕಡೆ ಶಕ್ತಿಮಾನನ್ನು ಓಡಿಸಿದ, ದುರಸ್ತಿ ಮಾಡಿದ ಹಿರಿಯರು ಅನೇಕರು ಇನ್ನೂ ಇದ್ದಾರೆ. ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಅಂತಹವರಿದ್ದರೆ, ಒಂದು ನೋಟುಬುಕ್ಕು ಹಿಡಿದು ಅವರ ಎದುರು ಕುಳಿತು, ಅವರು ಹೇಳಿದ್ದನ್ನು ಹೇಳಿದ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳಿರೆಂದು ಓದುಗರಲ್ಲಿ ನನ್ನ ಪ್ರಾರ್ಥನೆ.